ಡಾಕ್ಟರ್ ದೆಹಲಿಗೆ ಹೋಗಬೇಕೋ ಬೇಡವೋ: ಸಿಂಧನೂರಿನ ತಂಗಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮ ಅಣ್ಣ ಎಂಡಿ ಮೆಡಿಸಿನ್ ಮಾಡಿ ಸಿಂಧನೂರಿನಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಾರೆ. ಕೈಗುಣ ಒಳ್ಳೇದು ಅಂತ ಸುತ್ತಲಿನ ಕ್ಯಾಂಪುಗಳಿಂದ (ವಲಸೆ ಬಂದ ರೈತರ ಹಳ್ಳಿಗಳಿಂದ), ಮಸ್ಕಿ, ಸಿರುಗುಪ್ಪ ಕಡೆಯಿಂದಲೂ ಜನ ಬರುತ್ತಾರೆ. ಈಗ ಒಂದು ಪಾರ್ಟಿಯವರು ಬೆನ್ನು ಹತ್ತಿದ್ದಾರೆ. ಮುಂದಿನ ಲೋಕಸಭೆಗೆ ನಿಲ್ಲಿ, ಡಾಕ್ಟರ್ ಅಂದರೆ ಜನ ವೋಟ್ ಹಾಕುತ್ತಾರೆ ಅಂತಿದ್ದಾರೆ. ಅಣ್ಣನಿಗೂ ಮನಸ್ಸಿದೆ. ಅಪ್ಪ ಬೇಡ ಅಂತಾರೆ. ಅತ್ತಿಗೆ ಏನೂ ಮಾತಾಡುತ್ತಿಲ್ಲ. ಡಾಕ್ಟರ್ ಆಗಿದ್ದವರು ದೇಶದ ರಾಜಕಾರಣಕ್ಕೆ ಹೋಗಿ ನಿಜವಾಗಿ ಏನಾದರೂ ಮಾಡಿದ್ದಾರಾ? ಹೋದರೆ ಕ್ಲಿನಿಕ್ ಮುಚ್ಚಲೇಬೇಕಾ?

ಉತ್ತರ: ತಂಗಿ, ಕಾನೂನಿನ ಮಾತನ್ನು ಮೊದಲು ಮುಗಿಸೋಣ. ಅದು ಸುಲಭ. ನಿಮ್ಮ ಅಣ್ಣ ಖಾಸಗಿ ವೈದ್ಯರು. ಹಾಗಾಗಿ ಚುನಾವಣೆಗೆ ನಿಲ್ಲಲು ಕ್ಲಿನಿಕ್ ಮುಚ್ಚಬೇಕಾಗಿಲ್ಲ. ಸರ್ಕಾರಿ ಡಾಕ್ಟರ್ ಆಗಿದ್ದರೆ ರಾಜೀನಾಮೆ ಕೊಟ್ಟು, ಅದು ಅಂಗೀಕಾರ ಆದ ಮೇಲಷ್ಟೇ ನಾಮಪತ್ರ ಹಾಕುವುದು ಕ್ಷೇಮ. ಸರ್ಕಾರದ ಸಂಬಳದ ಹುದ್ದೆಯಲ್ಲಿದ್ದವರು ಸಂಸದರಾಗಲು ಸಂವಿಧಾನದ 102ನೇ ವಿಧಿ ಬಿಡುವುದಿಲ್ಲ. ಗೆದ್ದ ಮೇಲೂ ರೋಗಿಗಳನ್ನು ನೋಡಲು ಅಡ್ಡಿ ಇಲ್ಲ. ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ಮಾತ್ರ ಕಾಲಕಾಲಕ್ಕೆ ನವೀಕರಿಸುತ್ತಿರಬೇಕು. ಕ್ಲಿನಿಕ್ ಹೆಸರಿನಲ್ಲಿ ಸರ್ಕಾರಕ್ಕೆ ಏನಾದರೂ ಪೂರೈಸುವ ಗುತ್ತಿಗೆ ಇದ್ದರೆ ಆ ಕಾಗದಗಳನ್ನು ಈಗಲೇ ಒಬ್ಬ ವಕೀಲರಿಗೆ ತೋರಿಸಿ. ಲೋಕಸಭೆಗೆ ಠೇವಣಿ 25,000 ರೂಪಾಯಿ, ಎಸ್‌ಸಿ, ಎಸ್‌ಟಿ ಅಭ್ಯರ್ಥಿಗಳಿಗೆ ಅದರ ಅರ್ಧ. ಖರ್ಚಿನ ಮಿತಿ 95 ಲಕ್ಷ. ಫಲಿತಾಂಶ ಬಂದು 30 ದಿನದೊಳಗೆ ಲೆಕ್ಕ ಕೊಡಬೇಕು. ಕೊಡದಿದ್ದರೆ ಮೂರು ವರ್ಷ ಅನರ್ಹತೆ ಬರಬಹುದು.

ಇನ್ನೊಂದು ವಿಷಯ ನಿಮ್ಮ ಮನೆಯವರು ಗಮನಿಸಿದ್ದೀರೋ ಇಲ್ಲವೋ. ಸಿಂಧನೂರು ಇರುವುದು ರಾಯಚೂರು ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅದು ಕೊಪ್ಪಳ ಕ್ಷೇತ್ರ. ಮಸ್ಕಿಯೂ ಅಷ್ಟೇ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಕೊಪ್ಪಳಕ್ಕೇ ಸೇರುತ್ತದೆ. ರಾಯಚೂರು, ಬಳ್ಳಾರಿ ಎರಡೂ ಲೋಕಸಭಾ ಕ್ಷೇತ್ರಗಳು 2009ರ ಚುನಾವಣೆಯಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು. ಕೊಪ್ಪಳ ಸಾಮಾನ್ಯ ಕ್ಷೇತ್ರ. ಪಾರ್ಟಿಯವರು ಸಿಂಧನೂರಿನ ಡಾಕ್ಟರ್ ಹತ್ತಿರ ಬಂದಿರುವುದರ ಹಿಂದೆ ಈ ಲೆಕ್ಕವೂ ಇರುತ್ತದೆ. ಎರಡು ಜಿಲ್ಲೆಗಳಿಂದ ರೋಗಿಗಳು ಬರುವ ಕ್ಲಿನಿಕ್ ಅಂದರೆ ಅವರ ಕಣ್ಣಿಗೆ ಎರಡು ಜಿಲ್ಲೆಯ ವೋಟು ಕಾಣುತ್ತದೆ.

ಆದರೆ ಡಾಕ್ಟರ್ ಅಂದ ಮಾತ್ರಕ್ಕೆ ಜನ ವೋಟ್ ಹಾಕುತ್ತಾರೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಇದೇ ಕೊಪ್ಪಳದಲ್ಲಿ 2024ರಲ್ಲಿ ಬಿಜೆಪಿ ವೈದ್ಯರನ್ನೇ ನಿಲ್ಲಿಸಿತ್ತು, ಡಾ. ಬಸವರಾಜ ಕ್ಯಾವಟರ್ ಅವರನ್ನು. ಗೆದ್ದದ್ದು ಕಾಂಗ್ರೆಸ್ಸಿನ ರಾಜಶೇಖರ ಹಿಟ್ನಾಳ. ಪಕ್ಕದ ಕಲಬುರಗಿ ನೋಡಿ. 2019ರಲ್ಲಿ ಸರ್ಜನ್ ಡಾ. ಉಮೇಶ ಜಾಧವ್ ಅವರು ಮಲ್ಲಿಕಾರ್ಜುನ ಖರ್ಗೆ ಅವರನ್ನು 95 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋಲಿಸಿದರು. ಐದು ವರ್ಷ ಬಿಟ್ಟು ಅದೇ ಕ್ಷೇತ್ರದಲ್ಲಿ ಸೋತರು. ಡಾಕ್ಟರ್ ಆಗಿದ್ದದ್ದು ಎರಡು ಸಲವೂ ಅವರೇ ಅಲ್ವಾ? ಅದೇ 2024ರಲ್ಲಿ ಬೆಂಗಳೂರು ಗ್ರಾಮಾಂತರದಲ್ಲಿ ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್ ಎರಡೂವರೆ ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅವರ ಹಿಂದೆ ಜಯದೇವ ಆಸ್ಪತ್ರೆಯ ಹೆಸರಿತ್ತು. ಮೊದಲು ಚಿಕಿತ್ಸೆ, ದುಡ್ಡು ಆಮೇಲೆ ಅನ್ನುವ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿದ ಕೀರ್ತಿ ಇತ್ತು. ಜೊತೆಗೆ ಎರಡು ಪಕ್ಷಗಳ ಮೈತ್ರಿ, ದೊಡ್ಡ ರಾಜಕೀಯ ಕುಟುಂಬದ ಸಂಬಂಧ ಎಲ್ಲವೂ ಇದ್ದವು. ಕೊಪ್ಪಳದಂಥ ಕ್ಷೇತ್ರದಲ್ಲಿ ಮತದಾರರು 18 ಲಕ್ಷದ ಆಸುಪಾಸು. ಒಂದು ಕ್ಲಿನಿಕ್ಕಿನ ಕೈಗುಣ ಅಷ್ಟು ದೂರ ಮುಟ್ಟುವುದಿಲ್ಲ.

ಈಗ ನಿಮ್ಮ ನಿಜವಾದ ಪ್ರಶ್ನೆ. ಹೋದವರು ಏನಾದರೂ ಮಾಡಿದ್ದಾರಾ?

ಮಾಡಿದ್ದಾರೆ. ನಾನು ಸಮುದಾಯ ವೈದ್ಯಶಾಸ್ತ್ರ ಪಾಠ ಮಾಡಿದವನು. ರೋಗಿಯೊಬ್ಬನನ್ನಲ್ಲ, ಊರನ್ನೇ ನೋಡುವುದು ನಮ್ಮ ವಿಷಯ. ಅದಕ್ಕೇ ಈ ಜನರ ಬದುಕನ್ನು ಆಸೆಯಿಂದ ಓದಿಕೊಂಡು ಬಂದಿದ್ದೇನೆ. ಹೆಸರು ಉಳಿಸಿದ ವೈದ್ಯರೆಲ್ಲ ತಮ್ಮ ಅನುಭವದಿಂದ ಒಂದೇ ಒಂದು ತೊಂದರೆಯನ್ನು ಎತ್ತಿಕೊಂಡು ರಾಜಕೀಯಕ್ಕೆ ಹೋದವರು. ಅದರ ಬೆನ್ನು ಬಿಡಲಿಲ್ಲ. ಅಂಥದ್ದೇನೂ ಇಲ್ಲದೆ ಹೋದವರ ಕೆಲಸ ಜನರ ನೆನಪಿನಲ್ಲಿ ನಿಂತಿಲ್ಲ.

ಡಾ. ಹರ್ಷವರ್ಧನ್ ಅವರನ್ನೇ ತೆಗೆದುಕೊಳ್ಳಿ. ಕಾನ್ಪುರದಲ್ಲಿ ಓದಿದ ಕಿವಿ, ಮೂಗು, ಗಂಟಲು ತಜ್ಞರು. ದೆಹಲಿಯ ಕೃಷ್ಣಾ ನಗರದಲ್ಲಿ ಕ್ಲಿನಿಕ್ ಇಟ್ಟಿದ್ದರು. 1993ರಲ್ಲಿ ಅಲ್ಲಿಂದಲೇ ಶಾಸಕರಾದರು, ದೆಹಲಿಯ ಆರೋಗ್ಯ ಮಂತ್ರಿಯಾದರು. 1994ರ ಅಕ್ಟೋಬರ್ 2ರಂದು ದೆಹಲಿಯ ಪುಟ್ಟ ಮಕ್ಕಳಿಗೆಲ್ಲ ಒಂದೇ ದಿನ ಪೋಲಿಯೊ ಹನಿ ಹಾಕಿಸಿದರು. ಒಂದೇ ದಿನ ಯಾಕೆ ಅಂದರೆ, ಎಲ್ಲ ಮಕ್ಕಳ ಹೊಟ್ಟೆಯಲ್ಲೂ ಲಸಿಕೆಯ ವೈರಸ್ ಒಟ್ಟಿಗೆ ನೆಲೆ ನಿಂತರೆ ರೋಗದ ವೈರಸ್ಸಿಗೆ ಹೊಸ ಮಗು ಸಿಗುವುದಿಲ್ಲ. ಮರುವರ್ಷ ಅದು ಇಡೀ ದೇಶದ ಪಲ್ಸ್ ಪೋಲಿಯೊ ಕಾರ್ಯಕ್ರಮ ಆಯಿತು. ಎಡಗೈ ಕಿರುಬೆರಳಿಗೆ ಶಾಯಿ ಹಚ್ಚಿದ್ದು, ಮರುದಿನ ಮನೆಮನೆಗೆ ಬಂದು ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕಿ ಹೋಗುತ್ತಿದ್ದದ್ದು ನಿಮಗೂ ನೆನಪಿರಬೇಕು. ಒಂದೂ ಮಗು ಬಿಟ್ಟಿಲ್ಲ ಅಂದರೆ ಒಂದು ಅಕ್ಷರ, ಊರಿಗೆ ಹೋದ ಮಗುವಿನ ಹನಿ ಬಾಕಿ ಇದ್ದರೆ ಇನ್ನೊಂದು ಗುರುತು. ಆ ಗುರುತು ನೋಡಿಕೊಂಡು ಕಾರ್ಯಕರ್ತೆಯರು ಮತ್ತೆ ಬರುತ್ತಿದ್ದರು. ಹತ್ತಿ ಬಿಡಿಸಲು, ಇಟ್ಟಿಗೆ ಭಟ್ಟಿಗೆ ಗುಳೆ ಹೋಗುವ ನಮ್ಮ ಕಡೆ ಆ ಬಾಕಿ ಗುರುತಿನ ಬೆಲೆ ದೊಡ್ಡದು.

2009ರಲ್ಲೂ ನಮ್ಮ ದೇಶದಲ್ಲಿ 741 ಪೋಲಿಯೊ ಪ್ರಕರಣ ಇದ್ದವು. 2010ರಲ್ಲಿ 42. 2011ರ ಜನವರಿ 13ರಂದು ಹೌರಾದಲ್ಲಿ ಒಂದು, ಅದೇ ಕೊನೆಯದು. 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರ ಬಂತು. ದೆಹಲಿಯಲ್ಲಿ ಶುರುವಾಗಿ 20 ವರ್ಷ. ಅಷ್ಟರಲ್ಲಿ ಎಷ್ಟು ಸರ್ಕಾರ ಬಂದುಹೋದವು! ಒಂದು ಪಕ್ಷದವರು ಶುರು ಮಾಡಿದ್ದನ್ನು ಇನ್ನೊಂದು ಪಕ್ಷದವರು ನಿಲ್ಲಿಸಲಿಲ್ಲ. ನಮ್ಮ ದೇಶ ಮಾಡಿದ ದೊಡ್ಡ ಕೆಲಸಗಳಲ್ಲಿ ಇದೊಂದು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ.

ಅದೇ ಹರ್ಷವರ್ಧನ್ 2014ರಲ್ಲಿ ಕೇಂದ್ರ ಆರೋಗ್ಯ ಮಂತ್ರಿಯಾದರು. ಆರು ತಿಂಗಳಲ್ಲಿ ಖಾತೆ ಬದಲಾಯಿತು. 2019ರಲ್ಲಿ ಮತ್ತೆ ಅದೇ ಖಾತೆ. ಆಗ ತಂದ ವೈದ್ಯಕೀಯ ಆಯೋಗದ ಕಾನೂನಿನ ವಿರುದ್ಧ ವೈದ್ಯರೇ ಮುಷ್ಕರ ಮಾಡಿದರು. ಮಂತ್ರಿ ಡಾಕ್ಟರ್ ಆದರೆ ಡಾಕ್ಟರುಗಳೆಲ್ಲ ಜೊತೆಗಿರುತ್ತಾರೆ ಅಂತ ನಿಮ್ಮ ಅಣ್ಣ ಅಂದುಕೊಂಡಿದ್ದರೆ ಈ ಮಾತು ತಿಳಿಸಿ. ಆಮೇಲೆ ಕೋವಿಡ್. ಎರಡನೇ ಅಲೆ ಇಳಿಯುತ್ತಿದ್ದಂತೆ, 2021ರ ಜುಲೈನಲ್ಲಿ, ಮಂತ್ರಿ ಸ್ಥಾನ ಹೋಯಿತು. 2024ರ ಮಾರ್ಚ್‌ನಲ್ಲಿ ಅವರ ಕ್ಷೇತ್ರದ ಟಿಕೆಟ್ ಬೇರೆಯವರ ಪಾಲಾಯಿತು. ಮರುದಿನವೇ ರಾಜಕೀಯ ಬಿಡುತ್ತೇನೆ, ಕೃಷ್ಣಾ ನಗರದ ಕ್ಲಿನಿಕ್ಕಿಗೆ ವಾಪಸ್ ಹೋಗುತ್ತೇನೆ ಅಂದರು. ಅವರ ಎಲ್ಲ ಹುದ್ದೆಗಳಿಗಿಂತ ಪೋಲಿಯೊ ಹನಿ ಹಾಕಿಸಿದ 1994ರ ಆ ಒಂದು ಭಾನುವಾರ ದೊಡ್ಡದು ಅನ್ನಿಸುತ್ತದೆ ನನಗೆ. ಅದೂ ಅವರು ಸಂಸತ್ತಿಗೆ ಹೋಗುವ ಮುಂಚೆ, ಒಂದು ಸಣ್ಣ ರಾಜ್ಯದ ಮಂತ್ರಿಯಾಗಿ ಮಾಡಿದ ಕೆಲಸ.

ನಮ್ಮ ಕನ್ನಡದವರೇ ಆದ ಡಾ. ನಾ.ಸು. ಹರ್ಡೀಕರ್ ಕಥೆ ಬೇರೆ ಥರ. ಧಾರವಾಡದಲ್ಲಿ ಹುಟ್ಟಿದರು, ಕೋಲ್ಕತ್ತದಲ್ಲಿ ವೈದ್ಯಕೀಯ ಓದಿದರು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೂ ಹೋದರು. ಅಲ್ಲಿ ಲಾಲಾ ಲಜಪತ ರಾಯ್ ಜೊತೆ ಸೇರಿ ಸ್ವರಾಜ್ಯದ ಪ್ರಚಾರ ಮಾಡಿದರು. ಬಂದ ಮೇಲೆ ಹುಬ್ಬಳ್ಳಿಯಲ್ಲಿ ಸ್ವಯಂಸೇವಕರನ್ನು ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಹುಡುಗರು ಜೈಲಿನಲ್ಲಿ ಕ್ಷಮೆ ಬರೆದುಕೊಡಲು ಒಪ್ಪಲಿಲ್ಲ. ಅದನ್ನು ಕಂಡ ಮೇಲೆ ಕಾಂಗ್ರೆಸ್ ಇವರ ಕೈಯಲ್ಲೇ ಹಿಂದೂಸ್ತಾನಿ ಸೇವಾದಳ ಅನ್ನುವ ಸ್ವಯಂಸೇವಕರ ಸಂಘಟನೆ ಕಟ್ಟಿಸಿತು. ಮುಂದೆ 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. ಸಂಸತ್ತಿಗೆ ಹೋಗಲು ಲೋಕಸಭೆ ಒಂದೇ ಬಾಗಿಲಲ್ಲ ಅಂತ ನೆನಪಿಸಲು ಇದನ್ನು ಹೇಳಿದೆ.

ಬಳ್ಳಾರಿಯನ್ನು ನೇರವಾಗಿ ಮುಟ್ಟಿದ ವೈದ್ಯೆ ಒಬ್ಬರಿದ್ದಾರೆ. ಡಾ. ಮುತ್ತುಲಕ್ಷ್ಮಿ ರೆಡ್ಡಿ. 1912ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಿಂದ ಡಾಕ್ಟರ್ ಆಗಿ ಹೊರಬಂದರು. ಮುಂದೆ ಮದ್ರಾಸ್ ಶಾಸನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ಬ್ರಿಟಿಷ್ ಭಾರತದಲ್ಲಿ ಶಾಸನಸಭೆ ಹೊಕ್ಕ ಮೊದಲ ಮಹಿಳೆ ಅನ್ನಿಸಿಕೊಂಡರು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿ ನಿಲ್ಲಬೇಕು ಅಂತ ಹಟ ಹಿಡಿದರು. ಅವರ ತಾಯಿಯೇ ಆ ಸಮುದಾಯದಿಂದ ಬಂದವರು. ಸಭೆಯಲ್ಲಿ ದೊಡ್ಡ ದೊಡ್ಡವರೇ ವಿರೋಧಿಸಿದರು. 1930ರಲ್ಲಿ ಗಾಂಧೀಜಿ ಬಂಧನ ಖಂಡಿಸಿ ಸ್ಥಾನ ಬಿಟ್ಟರು, ಆದರೆ ಹಟ ಬಿಡಲಿಲ್ಲ. ಕೊನೆಗೆ 1947ರಲ್ಲಿ ಮದ್ರಾಸಿನಲ್ಲಿ ದೇವದಾಸಿ ಸಮರ್ಪಣೆ ತಡೆಯುವ ಕಾನೂನು ಬಂತು. ಬಳ್ಳಾರಿ 1953ರವರೆಗೆ ಮದ್ರಾಸಿಗೇ ಸೇರಿತ್ತಲ್ಲ, ಹಾಗಾಗಿ ಆ ಕಾನೂನು ಬಳ್ಳಾರಿಗೂ ಬಂತು. ರಾಯಚೂರು, ಕೊಪ್ಪಳ ಆಗ ನಿಜಾಮರ ಕೈಯಲ್ಲಿದ್ದವು. ಕರ್ನಾಟಕ ತನ್ನದೇ ಕಾನೂನು ಮಾಡಿದ್ದು 1982ರಲ್ಲಿ. ಈ ಮೂರೂ ಜಿಲ್ಲೆಗಳ ಹಳ್ಳಿಗಳಲ್ಲಿ ಆ ತಾಯಂದಿರು ಇವತ್ತಿಗೂ ಮಾಸಾಶನಕ್ಕೆ, ಮನೆಗೆ, ಮಕ್ಕಳ ದಾಖಲೆಗೆ ಅಲೆಯುತ್ತಿದ್ದಾರೆ. ಮುತ್ತುಲಕ್ಷ್ಮಿಯವರ ಕೆಲಸ ಇನ್ನೂ ಬಾಕಿ ಇದೆ. ನಿಮ್ಮ ಅಣ್ಣನ ಕ್ಲಿನಿಕ್ಕಿಗೂ ಆ ತಾಯಂದಿರು ಬರುತ್ತಿರುತ್ತಾರೆ.

ಆಂಧ್ರದ ಡಾ. ವೈ.ಎಸ್. ರಾಜಶೇಖರ ರೆಡ್ಡಿ ಎಂಬಿಬಿಎಸ್ ಓದಿದ್ದು ನಮ್ಮ ಕಲಬುರಗಿಯ ಎಂ.ಆರ್. ಮೆಡಿಕಲ್ ಕಾಲೇಜಿನಲ್ಲಿ. ಕಡಪದಿಂದ ನಾಲ್ಕು ಸಲ ಸಂಸದರಾಗಿದ್ದರು. ಆದರೆ ಅವರ ಹೆಸರು ಉಳಿದಿರುವುದು ಮುಖ್ಯಮಂತ್ರಿಯಾಗಿ 2007ರಲ್ಲಿ ತಂದ ಆರೋಗ್ಯಶ್ರೀ ಅನ್ನುವ ಆರೋಗ್ಯ ವಿಮೆ ಯೋಜನೆಯಿಂದ. ಆಪರೇಷನ್ ಖರ್ಚಿಗೆ ಹೊಲ ಮಾರುವ ಬಡವರ ಕಷ್ಟಕ್ಕೆ ಅದೊಂದು ದಾರಿ. ಆಮೇಲೆ ಕರ್ನಾಟಕದಲ್ಲೂ ಅಂಥದ್ದೇ ವಾಜಪೇಯಿ ಆರೋಗ್ಯಶ್ರೀ ಬಂತು. ಅದು ಮೊದಲು ಜಾರಿಯಾದದ್ದು ನಮ್ಮ ಕಲಬುರಗಿ ವಿಭಾಗದಲ್ಲೇ.

ಇದಕ್ಕೆಲ್ಲ ಡಾಕ್ಟರೇ ಆಗಬೇಕು ಅಂತಿಲ್ಲ. ದೆಹಲಿಯ ಏಮ್ಸ್ ಕಟ್ಟಲು ಸಂಸತ್ತಿನಲ್ಲಿ ಮಸೂದೆ ಮಂಡಿಸಿ ಓಡಾಡಿದವರು ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. ಅವರು ವೈದ್ಯೆ ಅಲ್ಲ.

ಈ ಉದಾಹರಣೆಗಳನ್ನು ಇಟ್ಟುಕೊಂಡು ನಿಮ್ಮ ಅಣ್ಣ ಕೇಳಿಕೊಳ್ಳಬೇಕಾದ್ದು ಒಂದಿದೆ. ನನ್ನ ರೋಗಿಗಳ ಯಾವ ಕಷ್ಟಕ್ಕಾಗಿ ನಾನು ಹೋಗುತ್ತಿದ್ದೇನೆ? ಆ ಕಷ್ಟ ತೀರ್ಮಾನ ಆಗುವುದು ದೆಹಲಿಯಲ್ಲೋ, ಬೆಂಗಳೂರಿನಲ್ಲೋ? ಇದನ್ನು ನೋಡದೆ ಲೋಕಸಭೆ ಟಿಕೆಟ್ ಹಿಡಿದರೆ ಸುಮ್ನೆ ಐದು ವರ್ಷ ಹೋಗುತ್ತದೆ. ನಮ್ಮ ಸಂವಿಧಾನದಲ್ಲಿ ಆಸ್ಪತ್ರೆ, ಸಾರ್ವಜನಿಕ ಆರೋಗ್ಯ ರಾಜ್ಯದ ಪಟ್ಟಿಯಲ್ಲಿವೆ. ತಾಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರ್ ಇಲ್ಲ, ಸ್ಕ್ಯಾನಿಂಗ್ ಮಾಡುವವರಿಲ್ಲ, ಹೆರಿಗೆಗೆ ಬಂದವರನ್ನು ರಾಯಚೂರಿಗೆ ಸಾಗಹಾಕುತ್ತಾರೆ ಅನ್ನುವುದು ಅಣ್ಣನ ಸಂಕಟವಾದರೆ ಸಂಸದರಾಗಿ ಅವರು ಮಾಡಬಹುದಾದ್ದು ಕಡಿಮೆ. ಅದಕ್ಕೆ ವಿಧಾನಸಭೆ ಸರಿಯಾದ ಜಾಗ. ಔಷಧದ ಗುಣಮಟ್ಟ, ವೈದ್ಯಕೀಯ ಶಿಕ್ಷಣ ಸಮವರ್ತಿ ಪಟ್ಟಿಯಲ್ಲಿವೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ಅಲ್ಲಿ ದೆಹಲಿಯ ಮಾತು ನಡೆಯುತ್ತದೆ.

ಔಷಧದ ಮಾತು ಬಂತಲ್ಲ, 2024ರ ನವೆಂಬರ್ ಮರೆಯಬೇಡಿ. ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅನುಮಾನ ಬಂದದ್ದು ನರಕ್ಕೆ ಹಚ್ಚಿದ ಸಲೈನ್ ಬಾಟಲಿಯ ಮೇಲೆ, ರಿಂಗರ್ ಲ್ಯಾಕ್ಟೇಟ್ ಅನ್ನುವ ದ್ರಾವಣದ ಮೇಲೆ. ಅದು ತಯಾರಾದದ್ದು ಬೇರೆ ರಾಜ್ಯದಲ್ಲಿ, ಲೈಸೆನ್ಸ್ ಕೂಡ ಅಲ್ಲಿಯದು. ಖರೀದಿ ಮಾಡಿದ್ದು ಕರ್ನಾಟಕ. ಇಲ್ಲಿನ ಲ್ಯಾಬ್ ಕಳಪೆ ಅಂದಿದ್ದ ಕೆಲವು ಬ್ಯಾಚುಗಳನ್ನು ಕೇಂದ್ರದ ಲ್ಯಾಬ್ ಸರಿ ಅಂದಿತ್ತು. ಹೊಸದಾಗಿ ಹುಟ್ಟಿದ ಕೂಸುಗಳು ತಾಯಿ ಇಲ್ಲದಂತಾದವು. ಒಂದು ರಾಜ್ಯ ಕಳಪೆ ಅಂದ ಔಷಧ ಇನ್ನೊಂದು ರಾಜ್ಯದ ವಾರ್ಡಿಗೆ ಹೋಗದಂತೆ ಮಾಡಬೇಕಾದರೆ ಸಂಸತ್ತಿನಲ್ಲೇ ಕೂತು ಕಾನೂನು ಬಿಗಿ ಮಾಡಿಸಬೇಕು. ಆ ಬಾಟಲಿಯನ್ನು ಸ್ವತಃ ಹಚ್ಚಿ ಗೊತ್ತಿರುವ ಒಬ್ಬರು ಅಲ್ಲಿ ಎದ್ದು ನಿಂತು ಕೇಳಿದರೆ ಉತ್ತರ ಬೇರೆ ಥರ ಬರುತ್ತದೆ ಅಂತ ನನ್ನ ನಂಬಿಕೆ.

ಇನ್ನೊಂದು, ಭತ್ತದ ನಾಡಿನ ಡಾಕ್ಟರಿಗೆ ಚೆನ್ನಾಗಿ ಗೊತ್ತಿರುವ ವಿಷಯ: ಹಾವು ಕಡಿತ. ರಾತ್ರಿ ನೀರು ತಿರುವಲು ಗದ್ದೆಗೆ ಹೋದವನನ್ನು ಟಂಟಂನಲ್ಲಿ ಹಾಕಿಕೊಂಡು ಬರುತ್ತಾರೆ. 'ಹುಳ ಮುಟ್ಟೈತ್ರಿ' ಅಂತಾರೆ. ಕಾಲಿಗೆ ಟವೆಲ್ ಬಿಗಿದಿರುತ್ತಾರೆ, ಕೆಲವೊಮ್ಮೆ ಮಂತ್ರ ಹಾಕಿಸಿ ಎರಡು ತಾಸು ಕಳೆದಿರುತ್ತಾರೆ. ಆಗ ಬೇಕಾದ್ದು ವಿಷನಿರೋಧಕ ಇಂಜೆಕ್ಷನ್, ಅದೂ ಹತ್ತು ಹತ್ತು ವೈಲ್ (ಪುಟ್ಟ ಬಾಟಲಿ). ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಡಿದು ಸಾಯುತ್ತಾರೆ ಅನ್ನುವುದು ಒಂದು ಅಂದಾಜು. ಆ ಔಷಧ ಮಾಡಲು ಬೇಕಾದ ವಿಷದ ಬಹುಪಾಲು ಬರುವುದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ. ಒಂದೇ ಜಾತಿಯ ಹಾವಿನ ವಿಷ ಊರಿಂದ ಊರಿಗೆ ಬದಲಾಗುತ್ತದೆ, ಆದ್ದರಿಂದ ಒಂದೇ ಔಷಧ ಎಲ್ಲ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಕರ್ನಾಟಕ 2024ರಲ್ಲಿ ಆದೇಶ ಮಾಡಿತು. ಅದೇ ವರ್ಷ ಕೇಂದ್ರವೂ 2030ರೊಳಗೆ ಸಾವು ಅರ್ಧಕ್ಕೆ ಇಳಿಸುವ ಯೋಜನೆ ಹೊರಡಿಸಿತು. ಕಾಗದ ಬಂದಿದೆ. ಪ್ರತಿ ಅಧಿವೇಶನದಲ್ಲಿ ಅದರ ಲೆಕ್ಕ ಕೇಳುವವರು ಬೇಕು. ಪೋಲಿಯೊ ಥರ ಇದಕ್ಕೂ ಒಬ್ಬರು ಗಂಟು ಬಿದ್ದರೆ ಎಷ್ಟು ಮನೆ ಉಳಿಯುತ್ತವೆ!

ರಾಯಚೂರಿನ ಏಮ್ಸ್ ಬೇಡಿಕೆಯೂ ದೆಹಲಿಯದೇ ಬಾಬ್ತು. 2022ರ ಮೇ ತಿಂಗಳಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿ ನಡೆದಿದೆ. ಐಐಟಿ ಧಾರವಾಡಕ್ಕೆ ಹೋಯಿತು, ರಾಯಚೂರಿಗೆ ಐಐಐಟಿ ಬಂತು. ಆ ನೋವು ಜನರಲ್ಲಿ ಹಾಗೇ ಇದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಮಕ್ಕಳಿಗೆ ಮೆಡಿಕಲ್ ಸೀಟು ಸಿಗುತ್ತಿವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಆದರೂ ಕಠಿಣ ಕಾಯಿಲೆಯವರು ಹೈದರಾಬಾದ್, ಬೆಂಗಳೂರು ಬಸ್ ಹತ್ತುವುದು ನಿಂತಿಲ್ಲ. ನಿಮ್ಮ ಅಣ್ಣ ಎಷ್ಟು ಜನಕ್ಕೆ ರೆಫರ್ ಚೀಟಿ ಬರೆದಿದ್ದಾರೋ ಅವರನ್ನೇ ಕೇಳಿ.

ಈಗ ಕಳೆದುಕೊಳ್ಳುವುದರ ಮಾತು. ಇದು ಅತ್ತಿಗೆಯವರ ಮನಸ್ಸಿನಲ್ಲೂ ಇರಬಹುದು. ಕ್ಲಿನಿಕ್ಕಿನ ಬೆಂಚಿನ ಮೇಲೆ ಎಲ್ಲ ಜಾತಿಯವರೂ, ಎಲ್ಲ ಪಾರ್ಟಿಯವರೂ ಪಕ್ಕಪಕ್ಕ ಕೂರುತ್ತಾರೆ. ಡಾಕ್ಟರ್ ಹೆಗಲಿಗೆ ಒಂದು ಪಕ್ಷದ ಶಾಲು ಬಿದ್ದ ದಿನದಿಂದ ಆ ಬೆಂಚಿನಲ್ಲಿ ಕೆಲವರು ಕಡಿಮೆ ಆಗುತ್ತಾರೆ. ಕುಡಿತ, ಗುಪ್ತ ರೋಗ, ಮಗಳ ಗರ್ಭದ ವಿಷಯ ಡಾಕ್ಟರ್ ಮುಂದೆ ಬಾಯಿ ಬಿಟ್ಟು ಹೇಳಿಕೊಂಡವರು, ನಾಳೆ ಇವರ ಸುತ್ತ ಕಾರ್ಯಕರ್ತರು ಇರುತ್ತಾರಲ್ಲ ಅಂತ ಹಿಂಜರಿಯುತ್ತಾರೆ. ಇದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಆದರೆ ಒಂದು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. ರೋಗಿಗಳ ಫೋನ್ ನಂಬರ್ ಪುಸ್ತಕ ಪಾರ್ಟಿ ಕೈಗೆ ಹೋಗಬಾರದು. ಪಾರ್ಟಿಯವರು ಕೇಳೇ ಕೇಳುತ್ತಾರೆ. ಕಾಯಿಲೆಗಾಗಿ ಕೊಟ್ಟ ನಂಬರ್ ಅದು, ವೋಟಿಗಾಗಿ ಕೊಟ್ಟದ್ದಲ್ಲ. ಚುನಾವಣೆ ಘೋಷಣೆ ಆದ ಮೇಲೆ ಉಚಿತ ಶಿಬಿರ ಮಾಡಿ ಮಾತ್ರೆ ಹಂಚುವುದೂ ಬೇಡ. ಮತದಾರರಿಗೆ ಆಮಿಷ ಅಂತ ದೂರು ಬೀಳುತ್ತದೆ.

ನನ್ನ ಸಲಹೆ ಇಷ್ಟು. ಟಿಕೆಟ್ಟಿಗೆ ಈಗಲೇ ಹೂಂ ಅನ್ನಬೇಡಿ, ಉಹೂಂ ಅಂತಲೂ ಬೇಡ. 2029ರ ಚುನಾವಣೆಗೆ ಮುಂಚೆ ಅಣ್ಣ ಒಂದು ವಿಷಯ ಹಿಡಿಯಲಿ. ಹಾವು ಕಡಿತವೇ ಇರಲಿ, ಔಷಧದ ಗುಣಮಟ್ಟವೇ ಇರಲಿ, ದೇವದಾಸಿ ತಾಯಂದಿರ ಆರೋಗ್ಯವೇ ಇರಲಿ. ಕೊಪ್ಪಳ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಕ್ಷೇತ್ರ ತಿರುಗಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ, ಆಶಾ ಕಾರ್ಯಕರ್ತೆಯರ ಜೊತೆ ಕೂತು ಮಾತಾಡಲಿ. ಸಂಸದರ ಅಧ್ಯಕ್ಷತೆಯಲ್ಲಿ ಜಿಲ್ಲೆಯಲ್ಲಿ ದಿಶಾ ಸಮಿತಿ ಸಭೆ ನಡೆಯುತ್ತದೆ, ಕೇಂದ್ರದ ಯೋಜನೆಗಳ ಪರಿಶೀಲನೆ ಅಲ್ಲೇ. ಆರೋಗ್ಯ ಮಿಷನ್ ದುಡ್ಡಿನ ಬಗ್ಗೆ ಅಲ್ಲಿ ಏನು ಚರ್ಚೆ ಆಯಿತು ಅಂತ ಕೇಳಿ ತಿಳಿಯಲಿ. ಲೋಕಸಭೆಯಲ್ಲಿ ಆರೋಗ್ಯ ಇಲಾಖೆಗೆ ಕೇಳಿದ ಪ್ರಶ್ನೆ, ಮಂತ್ರಿ ಕೊಟ್ಟ ಉತ್ತರ ಎಲ್ಲ ಸಂಸತ್ತಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ರಾತ್ರಿ ಅರ್ಧ ತಾಸು ಅದನ್ನು ಓದಲಿ. ಈ ಕೆಲಸ ಒಂದು ವರ್ಷ ಮಾಡಿದ ಮೇಲೂ ಮನಸ್ಸು ಹಾಗೇ ಇದ್ದರೆ ನಿಲ್ಲಲಿ, ನಿಮ್ಮ ತಂದೆಯವರಿಗೆ ನಾನೇ ಹೇಳುತ್ತೇನೆ. ಬೇಸರ ಬಂದರೆ, ಸಂಸದರಾಗಿ ಮಾಡಬೇಕಾದ್ದೂ ಇದೇ ಕೆಲಸ ಅಂತ ಅವರಿಗೇ ಗೊತ್ತಾಗುತ್ತದೆ.

ನಿಲ್ಲುವುದೇ ಆದರೆ ಕ್ಲಿನಿಕ್ಕನ್ನು ಅತಂತ್ರ ಮಾಡಿ ಹೋಗಬೇಡಿ. ಬಿಪಿ, ಶುಗರ್, ಮೂರ್ಛೆರೋಗಕ್ಕೆ ತಿಂಗಳು ತಿಂಗಳು ಬರುವವರ ಫೈಲುಗಳನ್ನು ಬೇರೆ ಮಾಡಿ. ನಂಬಿಕೆಯ ಇನ್ನೊಬ್ಬ ಫಿಸಿಶಿಯನ್ನನ್ನು ಆರು ತಿಂಗಳು ಮೊದಲೇ ಜೊತೆಗೆ ಕೂರಿಸಿಕೊಳ್ಳಲಿ. ಪ್ರಚಾರದ ಗಲಾಟೆಯಲ್ಲಿ ಮೂರ್ಛೆರೋಗದ ಹುಡುಗನೊಬ್ಬನ ಮಾತ್ರೆ ತಪ್ಪಬಾರದು.